ಶೀಲೋವಿನಲ್ಲಿ ಬಿದ್ದ ಚೀಟು

ಬೈಬಲಿನ ಯೆಹೋಶುವನ ಪುಸ್ತಕದಲ್ಲಿ 13ನೇ ಅಧ್ಯಾಯ ಬಂದ ಕೂಡಲೇ ಬಹಳ ಜನ ಪುಟ ಹಾರಿಸುತ್ತಾರೆ. ಇಸ್ರಾಯೇಲ್ಯರ ಯಾವ ಕುಲದ ಎಲ್ಲೆ ಯಾವ ಹಳ್ಳದವರೆಗೆ, ಯಾವ ಊರು ಯಾರಿಗೆ ಅಂತ ಸಾಲುಸಾಲು ಹೆಸರುಗಳು. ಪಹಣಿ ಓದಿದ ಹಾಗೇ ಇರುತ್ತದೆ. ಆದರೂ ನಮ್ಮ ಚರ್ಚಿನ ಸುಗ್ಗಿ ಹಬ್ಬ ಹತ್ತಿರ ಬಂದಾಗ ನಾನು ಆ ಪುಟಗಳಿಗೇ ಹೋಗುತ್ತೇನೆ. ಬೆಳೆಗೆ ಸ್ತೋತ್ರ ಹೇಳುವ ಮೊದಲು ನೆಲ ಕೈಗೆ ಬಂದದ್ದು ಹೇಗೆ ಅಂತ ನೋಡಬೇಕಲ್ವಾ?

ರೂಬೇನ್, ಗಾದ್ ಮತ್ತು ಮನಸ್ಸೆಯ ಅರ್ಧ ಕುಲಕ್ಕೆ ಮೋಶೆಯ ಕಾಲದಲ್ಲೇ ಯೊರ್ದನ್ ನದಿಯ ಪೂರ್ವಕ್ಕೆ ಜಾಗ ಸಿಕ್ಕಿತ್ತು. ಪಶ್ಚಿಮದಲ್ಲಿ ಯೆಹೂದ, ಎಫ್ರಾಯೀಮ್ ಮತ್ತು ಮನಸ್ಸೆಯ ಉಳಿದರ್ಧ ಮೊದಲು ಪಾಲು ಪಡೆದವು. ಇನ್ನೂ 7 ಕುಲಗಳು ಸುಮ್ನೆ ಕೂತಿದ್ದವು. ಎಷ್ಟು ದಿನ ಹೀಗೆ ತಡಮಾಡುತ್ತೀರಿ ಅಂತ, ಮೋಶೆಯ ನಂತರ ನಾಯಕನಾಗಿದ್ದ ಯೆಹೋಶುವ ಗದರಿದ. ಕುಲಕ್ಕೆ 3 ಜನರಂತೆ ಕಳಿಸಿದ. ಅವರು ನಾಡೆಲ್ಲ ಸುತ್ತಿ, ಊರೂರು ಗುರುತಿಸಿ, 7 ಭಾಗ ಮಾಡಿ ಬರೆದು ತಂದರು. ಆಮೇಲೆ ಶೀಲೋವಿನಲ್ಲಿ, ಅವರ ಆರಾಧನೆಯ ಜಾಗವಾದ ದೇವದರ್ಶನದ ಗುಡಾರದ ಬಾಗಿಲಲ್ಲಿ ಚೀಟು ಹಾಕಿದರು.

ಈ ಕ್ರಮ ನನಗೆ ತುಂಬ ಹಿಡಿಸುತ್ತದೆ. ನಡೆಯುವುದು, ಅಳೆಯುವುದು, ಬರೆಯುವುದು ಎಲ್ಲ ಮನುಷ್ಯರದ್ದೇ ಕೆಲಸ. ದೇವರು ನೋಡಿಕೊಳ್ಳುತ್ತಾನೆ ಅಂತ ಯಾರೂ ಕೈಕಟ್ಟಿ ಕೂರುವಂತಿರಲಿಲ್ಲ. ಯಾರಿಗೆ ಯಾವ ಭಾಗ ಅನ್ನುವುದನ್ನು ಮಾತ್ರ ದೇವರಿಗೆ ಬಿಟ್ಟರು.

ತಕರಾರು ಬರದೆ ಇರುತ್ತದೆಯೇ? ನಾವು ಇಷ್ಟು ಜನ ಇದ್ದೇವೆ, ಒಂದೇ ಪಾಲು ಕೊಟ್ಟೆಯಲ್ಲ ಅಂತ ಯೋಸೇಫನ ವಂಶದವರು, ಅಂದರೆ ಎಫ್ರಾಯೀಮ್ ಮತ್ತು ಮನಸ್ಸೆ ಕುಲದವರು, ಬಂದರು. ಯೆಹೋಶುವ ಹುಟ್ಟಿದ್ದು ಅದೇ ಎಫ್ರಾಯೀಮ್ ಕುಲದಲ್ಲಿ. ತನ್ನವರು ಅಂತ ಅವನು ಸಡಿಲ ಬಿಡಲಿಲ್ಲ. ಅಷ್ಟು ಜನ ಇದ್ದರೆ ಬೆಟ್ಟದ ಕಾಡು ಕಡಿದು ಜಾಗ ಮಾಡಿಕೊಳ್ಳಿ ಅಂದ. ಯೆಹೂದಕ್ಕೆ ಬಂದದ್ದು ಜಾಸ್ತಿಯಾಯಿತು, ಅದರೊಳಗೇ ಸಿಮೆಯೋನ್ ಕುಲಕ್ಕೆ ಪಾಲು ಕೊಟ್ಟರು. ಗಂಡುಮಕ್ಕಳಿಲ್ಲದ ಚಲ್ಪಹಾದನ 5 ಹೆಣ್ಣುಮಕ್ಕಳು ಮೋಶೆಯ ಕಾಲದ ಮಾತನ್ನು ನೆನಪಿಸಿ ತಮ್ಮ ಪಾಲು ಕೇಳಿದರು, ಪಡೆದರು. ಎಲ್ಲರಿಗೂ ಹಂಚಿ ಮುಗಿದ ಮೇಲೆ, ಕೊನೆಯಲ್ಲಿ, ಯೆಹೋಶುವನಿಗೆ ಎಫ್ರಾಯೀಮಿನ ಬೆಟ್ಟಸೀಮೆಯಲ್ಲಿ ತಿಮ್ನತ್ ಸೆರಹ ಎಂಬ ಊರು ಸಿಕ್ಕಿತು. ಹಂಚುವವನೇ ಕೊನೆಗೆ ತೆಗೆದುಕೊಂಡ!

ಆ ನೆಲದಲ್ಲಿ ಮೊದಲೇ ಜನರಿದ್ದರು. ಅದನ್ನೂ ಪುಸ್ತಕ ಮುಚ್ಚಿಡುವುದಿಲ್ಲ. ಮೊದಲಿಂದ ಅಲ್ಲಿದ್ದ ಯೆಬೂಸಿಯರು ಯೆರೂಸಲೇಮಿನಲ್ಲಿ ಉಳಿದೇ ಉಳಿದರು ಅಂತ ನೇರವಾಗಿ ಬರೆದಿದೆ. ಆ ಯುದ್ಧಗಳ ಭಾಗವನ್ನು ನಾನು ಇವತ್ತಿಗೂ ಹಗುರವಾಗಿ ಓದಲಾರೆ.

ದೇವರ ಸೇವೆಗೆ ಮೀಸಲಾದ ಲೇವಿಯರಿಗೆ ಹೊಲದ ಪಾಲೇ ಇಲ್ಲ. ಯೆಹೋವನೇ ಅವರ ಸ್ವಾಸ್ತ್ಯ, ಅಂದರೆ ಪಾಲಿನ ಆಸ್ತಿ. ವಾಸಕ್ಕೆ ಎಲ್ಲ ಕುಲಗಳ ನಡುವೆ 48 ಊರುಗಳು, ಸುತ್ತ ದನಕುರಿ ಮೇಯಲು ಜಾಗ. ಅವುಗಳಲ್ಲಿ 6, ಕೈತಪ್ಪಿ ಕೊಲೆ ಮಾಡಿದವನು ಓಡಿಬಂದು ಜೀವ ಉಳಿಸಿಕೊಳ್ಳುವ ಆಶ್ರಯನಗರಗಳು.

ಪಾಲು ಸಿಕ್ಕವರಿಗೂ ನೆಲ ಪೂರ್ತಿ ತಮ್ಮದಲ್ಲ. ಭೂಮಿ ನನ್ನದು, ನೀವು ನನ್ನ ಬಳಿ ಇಳಿದುಕೊಂಡವರು ಅಂತ ಬೈಬಲಿನ ಯಾಜಕಕಾಂಡದಲ್ಲಿ ದೇವರು ಹೇಳುತ್ತಾನೆ. ಅದಕ್ಕೇ ಹೊಲವನ್ನು ಶಾಶ್ವತವಾಗಿ ಮಾರುವಂತಿಲ್ಲ. 50ನೇ ವರ್ಷ ಅದು ಮೂಲದ ಮನೆಗೆ ತಿರುಗಬೇಕು. ಬೆಳೆ ಕೂಡಿಸಿಟ್ಟ ಮೇಲೆ ಪರ್ಣಶಾಲೆಗಳ ಹಬ್ಬ. ಕಣಜ ತುಂಬಿದ ಹೊತ್ತಿನಲ್ಲೇ 7 ದಿನ ಮನೆ ಬಿಟ್ಟು ಸೊಪ್ಪಿನ ಚಪ್ಪರದಲ್ಲಿ ವಾಸ.

ಮೊದಲ ಫಲದ ಪುಟ್ಟಿ ತಂದ ರೈತ ಯಜ್ಞವೇದಿಯ ಮುಂದೆ ನಿಂತು ಏನು ಹೇಳಬೇಕು ಅಂತ ಧರ್ಮೋಪದೇಶಕಾಂಡ 26ರಲ್ಲಿ ಇದೆ. ಅವನು ತನ್ನ ಎಕರೆಗಳ ಲೆಕ್ಕ ಹೇಳುವುದಿಲ್ಲ. ನನ್ನ ಪಿತೃ ಊರೂರು ಅಲೆದವನು, ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಪರದೇಶಿಯಾಗಿದ್ದವನು ಅಂತ ಶುರುಮಾಡುತ್ತಾನೆ. ಆಮೇಲೆ ಪಾಲಿಲ್ಲದ ಲೇವಿಯನನ್ನೂ ಹೊರಗಿಂದ ಬಂದವನನ್ನೂ ಸೇರಿಸಿಕೊಂಡು ಸಂತೋಷಪಡಬೇಕು. ಈ ಸಲ ನಮ್ಮ ಸಭೆಯಲ್ಲಿ ಬಾಳೆಗೊನೆ, ತೆಂಗಿನಕಾಯಿ ಹರಾಜು ಶುರುವಾಗುವ ಮೊದಲು ಆ ಮಾತುಗಳನ್ನು ಮಕ್ಕಳಿಂದ ಓದಿಸಿ ಅಂತ ಪಾಸ್ಟರನ್ನು ಕೇಳಿಕೊಳ್ಳಬೇಕು ಅಂದುಕೊಂಡಿದ್ದೇನೆ.