ಉರೀತಾನೇ ಇದೆ ಅಮ್ಮ

"ಇವನ್ನ ಯಾವಾಗ ಹಚ್ತೀರಪ್ಪ?" ಅಂತ ದೊಡ್ಡಮ್ಮ ಕೇಳಿದರು. "ಹಚ್ಚಿ ಆಗಿದೆ ಅಮ್ಮ, ಉರೀತಾನೇ ಇದೆ" ಅಂದ ಡೆಕೊರೇಷನ್ ಹುಡುಗ. ಭಾನುವಾರದ ರಿಸೆಪ್ಷನ್‌ನಲ್ಲಿ ಏನು ತಿಂದೆ ಅನ್ನುವುದೂ ಮರೆತಿದೆ, ಈ ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ.

ಪ್ರತಿ ಟೇಬಲ್ ಮೇಲೂ ಐದು ಕವಲಿನ ಕ್ಯಾಂಡಲಾಬ್ರಾ, ಅಂದರೆ ಮೇಣದಬತ್ತಿ ನಿಲ್ಲಿಸುವ ಕಂಬ. ಬೆಳ್ಳಿ ಬಣ್ಣ, ತುದಿಗಳಲ್ಲಿ ಬ್ಯಾಟರಿ ಮೇಣದಬತ್ತಿ. ಮೇಲೆ ನೋಡಿದರೆ ಕ್ರಿಕೆಟ್ ಸ್ಟೇಡಿಯಮ್ಮಿನಂಥ ಬೆಳಕು. ದೊಡ್ಡಮ್ಮ ಬಗ್ಗಿ, ಅಂಗೈ ಮರೆಮಾಡಿ ನೋಡಿದರು. ಹೌದು, ಉರಿಯುತ್ತಿತ್ತು!

"ಮೊರಾದಾಬಾದ್ ಮಾಲು, ಬಾಡಿಗೆ ಎಷ್ಟು ಗೊತ್ತಾ?" ಅಂದರು ಮಾವ. ಅವರ ಕಣ್ಣಿಗೆ ಯಾವ ವಸ್ತುವಾದರೂ ಬೆಲೆಯ ಸಮೇತವೇ ಕಾಣುವುದು. ಮಾಲು ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಉತ್ತರ ಪ್ರದೇಶದ ಮೊರಾದಾಬಾದಿನ ಲೋಹದ ಕೆಲಸ ಯುರೋಪ್, ಅಮೆರಿಕಕ್ಕೂ ಹೋಗುತ್ತದೆ. ಆದರೆ ಆ ಕವಲುಗಳು ಹುಟ್ಟಿದ್ದೇ ಕತ್ತಲೆಗಾಗಿ ಅಲ್ವಾ? ಒಂದು ಬತ್ತಿಯ ಬೆಳಕು ಸಾಲುತ್ತಿರಲಿಲ್ಲ, ಅದಕ್ಕೇ ಒಂದೇ ಕಂಬಕ್ಕೆ ಐದಾರು. ಯುರೋಪಿನ ಬಡವರು ಹೊಗೆ, ವಾಸನೆ ಸಹಿಸಿಕೊಂಡು ಪ್ರಾಣಿಯ ಕೊಬ್ಬಿನ ಬತ್ತಿ ಉರಿಸುತ್ತಿದ್ದ ಕಾಲ ಅದು. ಜೇನುಮೇಣದ್ದು ದುಬಾರಿ. ಅಂಥದ್ದನ್ನು ರಾಶಿ ರಾಶಿ ಉರಿಸುವುದೇ ಶ್ರೀಮಂತಿಕೆ. ಹಿಂದೆ ಕನ್ನಡಿ ಇಟ್ಟರೆ ಅದೇ ಬೆಳಕು ದುಪ್ಪಟ್ಟು. ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಕನ್ನಡಿ ಹಜಾರದಲ್ಲಿ 357 ಕನ್ನಡಿಗಳಿವೆ. ಅಲ್ಲಿದ್ದ ಬೆಳ್ಳಿಯ ದೀಪಸ್ತಂಭಗಳನ್ನೆಲ್ಲ 14ನೇ ಲೂಯಿ 1689ರಲ್ಲಿ ಯುದ್ಧದ ಖರ್ಚಿಗೆ ಅಂತ ಕರಗಿಸಿಬಿಟ್ಟ. ಮಾವನಂಥ ಮನುಷ್ಯನೇ, ಕೊನೆಗೆ ತೂಕ ನೋಡಿದ.

ಪ್ರತಿ ಬತ್ತಿಯ ಬುಡದಲ್ಲೂ ಒಂದು ಪುಟ್ಟ ತಟ್ಟೆ ಇತ್ತು. ಕರಗಿದ ಮೇಣ ಮೇಜಿನ ಬಟ್ಟೆಗೆ ಬೀಳದಿರಲಿ ಅಂತ ಇರುವುದು. ಬ್ಯಾಟರಿ ಬತ್ತಿ ಎಲ್ಲಿ ಕರಗುತ್ತದೆ? ಮಕ್ಕಳು ಅದರಲ್ಲಿ ಬೀಡಾ ಚುಚ್ಚಿದ್ದ ಕಡ್ಡಿಗಳನ್ನು ಹಾಕಿದ್ದರು. ಇಡೀ ಹಾಲ್‌ನಲ್ಲಿ ಆ ತಟ್ಟೆಗೆ ಕೆಲಸ ಕೊಟ್ಟವರು ಅವರೊಬ್ಬರೇ. ಸಾಲದ್ದಕ್ಕೆ ಕವಲುಗಳು ಸರಿಯಾಗಿ ಮುಖದ ಮಟ್ಟಕ್ಕೆ ಬಂದು, ಎದುರು ಕೂತ ದೊಡ್ಡಮ್ಮನ ಜೊತೆ ಕತ್ತು ಓರೆ ಮಾಡಿಕೊಂಡೇ ಮಾತಾಡಬೇಕಾಯಿತು. ಕಣ್ಣಿಗಿಂತ ಎತ್ತರಕ್ಕಿರಬೇಕು, ಇಲ್ಲ ತಗ್ಗಿನಲ್ಲಿರಬೇಕು, ಇಷ್ಟೂ ಯೋಚಿಸುವುದಿಲ್ಲವೇ?

ಊಟದ ಹೊತ್ತಿಗಾದರೂ ಮೇಲಿನ ಲೈಟು ಕಮ್ಮಿ ಮಾಡಿ ಅಂತ ಹೇಳಿ ನೋಡಿದೆ. "ವಿಡಿಯೋ ಕಪ್ಪಾಗುತ್ತೆ ಸರ್" ಅಂದ ಕ್ಯಾಮೆರಾದವನು. ಅವನದು ತಪ್ಪಲ್ಲ, ನಾಳೆ ಬೈಸಿಕೊಳ್ಳುವವನು ಅವನೇ. ನಮ್ಮ ಮದುವೆಗಳು ಈಗ ಬಂದವರಿಗಾಗಿ ನಡೆಯುವುದಿಲ್ಲ, ಮುಂದೆ ಯಾವತ್ತೋ ಟಿವಿಯಲ್ಲಿ ನೋಡುವವರಿಗಾಗಿ ನಡೆಯುತ್ತವೆ. ಹಾಗೆ ನೋಡುವವರು ಯಾರು? ನಾನಂತೂ ನನ್ನ ಮದುವೆ ವಿಡಿಯೋ ಪೂರ್ತಿ ನೋಡಿಲ್ಲ.

ಮಾವ ಚಿಕ್ಕ ಮಗಳ ಮದುವೆಗೂ ಇವನ್ನೇ ಹೇಳಿದ್ದಾರಂತೆ. ನಿನ್ನೆ ಫೋನ್ ಮಾಡಿ, ಅರ್ಧ ಗಂಟೆ ಲೈಟು ತಗ್ಗಿಸಿ, ನಿಜವಾದ ಬತ್ತಿ ಹಚ್ಚಿಸಿ ಮಾವ, ಅಂದೆ.

"ವಿಡಿಯೋದವನನ್ನ ಕೇಳಿ ಹೇಳ್ತೀನಿ" ಅಂದರು.