ಆನೆಯ ಉಗುರು ಎಣಿಸಿದ ದಿನ

ಸೆಪ್ಟೆಂಬರಿನಲ್ಲಿ ತೋಟದ ಸಂಕದ ಮೇಲೆ ಜಾರಿ ಬಿದ್ದೆ. ಹಾವಸೆ ಕಟ್ಟಿದ ದಬ್ಬೆ, ತಲೆ ಮೇಲೆ ಹುಲ್ಲಿನ ಹೊರೆ, ಇನ್ನೇನಾಗಬೇಕು? ಎಡಗಾಲಿನ ಹರಡಿನ ಹತ್ತಿರ ಮೂಳೆ ಮುರಿದು, ಮೊಣಕಾಲಿನವರೆಗೆ ಪ್ಲಾಸ್ಟರ್ ಬಿತ್ತು. ಆರು ವಾರ ಕಾಲು ಊರಬಾರದು ಅಂದರು.

ದಸರಾ ಮುಗಿದ ಮಾರನೇ ವಾರ ಶಿವಮೊಗ್ಗಕ್ಕೆ ಚೆಕಪ್‌ಗೆ ಹೊರಟೆವು. ತೀರ್ಥಹಳ್ಳಿ ಕಡೆಯಿಂದ ಬರುವಾಗ, ಶಿವಮೊಗ್ಗ ಇನ್ನು 14 ಕಿಲೋಮೀಟರ್ ಇದೆ ಅನ್ನುವಾಗ ಸಕ್ರೆಬೈಲಿನ ಆನೆ ಬಿಡಾರ ಸಿಗುತ್ತದೆ. ತಮ್ಮನ ಮಕ್ಕಳು ಬಿಡಬೇಕಲ್ಲ. "ಅತ್ತೆ, ಆನೆ ಸ್ನಾನ ನೋಡ್ಕೊಂಡು ಹೋಗೋಣ!" ನಾನು ಕಾರಲ್ಲೇ ಕೂತಿರ್ತೀನಿ ಅಂದೆ. "ಸುಮ್ನಿರಕ್ಕ" ಅಂತ ತಮ್ಮ ಡಿಕ್ಕಿಗೆ ಕಟ್ಟಿದ್ದ ಹಗ್ಗ ಬಿಚ್ಚಿದ. ಪಕ್ಕದ ಮನೆಯ ಅಜ್ಜಿ ತೀರಿಕೊಂಡ ಮೇಲೆ ಅಟ್ಟ ಸೇರಿದ್ದ ವೀಲ್‌ಚೇರ್ ಅದು. ಎಡಗಡೆ ಗಾಲಿ ಕುಂಯ್ ಕುಂಯ್ ಅನ್ನುತ್ತಿತ್ತು.

ಹತ್ತು ಮಾರು ಹೋಗಿರಲಿಲ್ಲ, ಮುಂದಿನ ಎರಡು ಪುಟ್ಟ ಗಾಲಿಗಳು ಮೆತ್ತನೆ ಮಣ್ಣಿನಲ್ಲಿ ಹೂತವು. ತಮ್ಮ ಜೋರಾಗಿ ತಳ್ಳಿದಷ್ಟೂ ನಾನು ಮುಗ್ಗರಿಸುವ ಹಾಗಾಯಿತು. ಅಲ್ಲೇ ಹೋಗುತ್ತಿದ್ದ ಕಾವಾಡಿಯೊಬ್ಬರು, ಅಂದರೆ ಮಾವುತರ ಸಹಾಯಕರು, ನಿಂತು ನೋಡಿದರು. "ತಿರುಗಿಸಿ ಎಳೀರಿ ಸಾರ್, ದೊಡ್ಡ ಗಾಲಿ ಮೊದಲು ಹೋಗ್ಲಿ." ನಿಜ, ಸಲೀಸಾಗಿ ಬಂತು. ಹೀಗೆ ಎಲ್ಲರೂ ನದಿಗೆ ಮುಖ ಮಾಡಿ ಹೋದರೆ, ನಾನು ಮಾತ್ರ ನಿಲ್ಲಿಸಿದ ಕಾರುಗಳನ್ನೇ ನೋಡುತ್ತಾ ಆನೆಗಳ ಹತ್ತಿರ ಹೋದೆ.

ಟೀ ಮಾರುವಾಕೆ ತಮ್ಮನನ್ನು ಕೇಳಿದಳು, "ಅವರು ಟೀ ಕುಡೀತಾರಾ?" ಮುರಿದದ್ದು ಕಾಲು, ಕಿವಿಯಲ್ಲ ಅಲ್ವಾ? "ಕುಡೀತಾರೆ, ಸಕ್ಕರೆ ಕಮ್ಮಿ" ಅಂದೆ ನಾನೇ.

ದಡದಲ್ಲಿ ಜನ ಜಾಸ್ತಿ. ಕೂತವಳಿಗೆ ಕಾಣುವುದು ಜನರ ಬೆನ್ನು, ಸೊಂಟ, ಕೈಚೀಲ. ಅವುಗಳ ಸಂದಿಯಲ್ಲಿ ತುಂಗೆಯ ಹಿನ್ನೀರು, ಅದರಲ್ಲಿ ಮಗ್ಗುಲಾಗಿ ಮಲಗಿದ ಒಂದು ಹೆಣ್ಣಾನೆ. ಮಾವುತರು ಕಿವಿಯ ಹಿಂದೆ ಉಜ್ಜುತ್ತಿದ್ದರು. ಎಲ್ಲರೂ ಸೊಂಡಿಲಿನ ಫೋಟೋ ತೆಗೆಯುತ್ತಿದ್ದರೆ ನನಗೆ ಸರಿಯಾಗಿ ಎದುರಿಗಿದ್ದದ್ದು ಪಾದ. ಅಂಗಾಲು ಬೇಸಿಗೆಯ ಕೆರೆಯ ತಳದ ಹಾಗೆ ಗೀರು ಗೀರು. ಆನೆ ಎದ್ದು ನೀರಿನಿಂದ ಮೇಲೆ ಬಂದಾಗ ಉಗುರು ಎಣಿಸಿದೆ. ಮುಂದಿನ ಪಾದಕ್ಕೆ ಐದು, ಹಿಂದಿನದಕ್ಕೆ ನಾಲ್ಕು. "ಒಟ್ಟು ಹದಿನೆಂಟು" ಅಂದರು ಅದೇ ಕಾವಾಡಿ. ನನ್ನ ಪ್ಲಾಸ್ಟರ್ ನೋಡಿ, "ನಿಮ್ಮದು ಒಳ್ಳೇ ಆನೆ ಕಾಲೇ ಆಗಿದೆಯಲ್ಲಕ್ಕ" ಅಂತ ನಕ್ಕರು. ಅವತ್ತು ನನ್ನ ಕಾಲಿನ ವಿಷಯ ನೇರವಾಗಿ ನನ್ನ ಹತ್ತಿರ ಮಾತಾಡಿದ್ದು ಅವರೊಬ್ಬರೇ.

ರಾತ್ರಿ ಆನೆಗಳನ್ನು ಕಾಡಿಗೆ ಬಿಡುತ್ತಾರಂತೆ. ಕಾಲಿನ ಸರಪಳಿ ನೆಲದ ಮೇಲೆ ಎಳೆದ ಗುರುತು ಹಿಡಿದು ಬೆಳಿಗ್ಗೆ ಹುಡುಕಿ ತರುವುದು. ನನ್ನ ಗಾಲಿ ಗುರುತು ಹಿಡಿದು ಹೊರಟರೆ ಟೀ ಅಂಗಡಿ ಸಿಗುತ್ತಿತ್ತು, ಅಷ್ಟೇ.

ಊಟಕ್ಕೆ ನಿಂತ ಹೋಟೆಲಿನಲ್ಲಿ ಶೌಚಾಲಯಕ್ಕೆ ಮೂರು ಮೆಟ್ಟಿಲು ಇಳಿಯಬೇಕಿತ್ತು. ತಮ್ಮನ ಹೆಗಲು ಹಿಡಿದು ಕುಂಟುತ್ತಾ ಇಳಿದೆ. ಆನೆಗಳ ದಡವೇ ವಾಸಿ ಅನ್ನಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರು ಪ್ಲಾಸ್ಟರಿಗೆ ಮೆತ್ತಿದ ಕೆಸರು ನೋಡಿ, ತಮ್ಮನ ಕಡೆ ತಿರುಗಿ ಕೇಳಿದರು, "ಇವರನ್ನ ಎಲ್ಲಿಗೆ ಕರ್ಕೊಂಡು ಹೋಗಿದ್ರಿ?"

"ಆನೆ ನೋಡೋಕೆ ಹೋಗಿದ್ದೆ ಡಾಕ್ಟ್ರೇ" ಅಂದೆ.