ಹ್ಯಾಂಡ್‌ಶೇಕ್ ಆಗಿದೆ, ಆದರೂ ಫೈಲು ತೆರೆಯುತ್ತಿಲ್ಲ: ಮೈಸೂರು-ಮಂಡ್ಯ ವಿಪಿಎನ್

ಮೈಸೂರಿನ ಹೆಬ್ಬಾಳದಲ್ಲಿ ಆಫೀಸು, ಮಂಡ್ಯದ ನೂರಡಿ ರಸ್ತೆಯಲ್ಲಿ ಬ್ರಾಂಚು, ಬಿಲ್ಲಿಂಗ್ ಸರ್ವರ್ ಮೈಸೂರಿನಲ್ಲಿ. ಇಂಥ ಕಡೆ ಎರಡು ತುದಿಗೂ ಒಂದೊಂದು ಲಿನಕ್ಸ್ ಮಷಿನ್ ಇಟ್ಟು, ಎರಡೂ ನೆಟ್‌ವರ್ಕನ್ನು ಇಂಟರ್ನೆಟ್ ಮೂಲಕ ಗುಟ್ಟಾಗಿ ಜೋಡಿಸುವ ವಿಪಿಎನ್ ಸಾಫ್ಟ್‌ವೇರ್ ವೈರ್‌ಗಾರ್ಡ್ ಹಾಕಿದರೆ ಸಾಕು. 2020ರ 5.6 ಕರ್ನಲ್‌ನಿಂದ ಅದು ಲಿನಕ್ಸ್ ಒಳಗೇ ಇದೆ. ಕೀ ಮಾಡಿ, ಕಾನ್ಫಿಗ್ ಬರೆದು, ಸರ್ವೀಸ್ ಎನೇಬಲ್ ಮಾಡುವುದೇನೂ ದೊಡ್ಡ ಕೆಲಸವಲ್ಲ. ತಲೆನೋವು ಬೇರೆ: ಕೀ ತಪ್ಪಿರಲಿ, ಪೋರ್ಟ್ ಮುಚ್ಚಿರಲಿ, ವೈರ್‌ಗಾರ್ಡ್ ಬಾಯಿ ಬಿಡುವುದಿಲ್ಲ. ಎಲ್ಲಿ ಕೆಟ್ಟಿದೆ ಅಂತ ನಾವೇ ಹುಡುಕಬೇಕು.

ಶುರು ಮಾಡುವ ಮೊದಲೇ ಮೈಸೂರಿನ ರೂಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ ಅದು ಇಂಟರ್ನೆಟ್ ಕಂಪನಿಯ ಒಳಗಿನ ವಿಳಾಸ, ಹೊರಗಿನಿಂದ ತಲುಪಲಾಗದು; ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಒಳಗಿನ ಮಷಿನ್‌ಗೆ ದಾಟಿಸುವುದು) ಮಾಡಿ ಉಪಯೋಗವಿಲ್ಲ. ಸ್ಟ್ಯಾಟಿಕ್ ಐಪಿ ಕೇಳಿ, ಇಲ್ಲವೇ ಬಾಡಿಗೆಯ ವಿಪಿಎಸ್ (ಪಬ್ಲಿಕ್ ಐಪಿ ಇರುವ ಸರ್ವರ್) ಹಿಡಿಯಿರಿ. ಪಬ್ಲಿಕ್ ಐಪಿ ಇದ್ದರೆ ಯುಡಿಪಿ 51820 ತೆರೆಯಿರಿ. ವೈರ್‌ಗಾರ್ಡ್ ನಡೆಯುವುದು ಯುಡಿಪಿಯಲ್ಲಿ ಮಾತ್ರ, ಆದರೂ ಟಿಸಿಪಿ ತೆರೆದು ಕಾಯುವವರೂ ಇದ್ದಾರೆ! ಎರಡೂ ಕಡೆ ಒಳಗಿನ ಐಪಿ ರೇಂಜು 192.168.1.0/24 ಇದ್ದರೆ ಒಂದನ್ನು ಈಗಲೇ ಬದಲಿಸಿ, ಮಂಡ್ಯಕ್ಕೆ 192.168.20.0/24 ಅಂತಿಟ್ಟುಕೊಳ್ಳಿ. ಪ್ರಿಂಟರ್‌ಗಳಿಗೆಲ್ಲ ಐಪಿ ಕೊಟ್ಟಾದ ಮೇಲೆ ಬದಲಿಸಲು ಯಾರೂ ಒಪ್ಪುವುದಿಲ್ಲ.

ಹೆಚ್ಚು ಜನ ಎಡವುವುದು ಕಾನ್ಫಿಗ್‌ನ 'ಅಲೌಡ್ ಐಪೀಸ್' ಸಾಲಿನಲ್ಲಿ. ಹೊರಗೆ ಹೋಗುವ ಪ್ಯಾಕೆಟ್ ಯಾವ ಪಿಯರ್‌ಗೆ (ಎದುರು ತುದಿಯ ಮಷಿನ್‌ಗೆ) ಅಂತ ನಿರ್ಧರಿಸುವುದೂ ಅದೇ, ಒಳಗೆ ಬಂದದ್ದನ್ನು ಸೋಸುವುದೂ ಅದೇ. ಮೈಸೂರಿನ ಕಾನ್ಫಿಗ್‌ನಲ್ಲಿ ಮಂಡ್ಯದ ಪಿಯರ್‌ಗೆ ಅದರ ಟನಲ್ (ವಿಪಿಎನ್ ಸಂಪರ್ಕ) ಐಪಿ 10.8.0.2/32 ಜೊತೆ 192.168.20.0/24 ಕೂಡ ಇರಬೇಕು. ಹೊಸ ಪಿಯರ್ ಸೇರಿಸುವಾಗ ಹಳೆಯ ಬ್ಲಾಕ್ ಕಾಪಿ ಮಾಡಿ ಈ ಸಾಲು ಹಾಗೇ ಬಿಟ್ಟರೆ, ರೇಂಜು ಹೊಸಬನ ಪಾಲಾಗುತ್ತದೆ, ಹಳೆಯ ಬ್ರಾಂಚು ಸದ್ದಿಲ್ಲದೆ ಕಟ್ ಆಗುತ್ತದೆ. ಸ್ಥಿತಿ ತೋರಿಸುವ 'ಡಬ್ಲ್ಯೂಜಿ ಶೋ' ಕಮಾಂಡ್ ಕೊಟ್ಟಾಗ ಹಳೆಯ ಪಿಯರ್‌ನ ಅಲೌಡ್ ಐಪೀಸ್ ಎದುರು 'ನನ್' (none) ಅಂತ ಕಂಡರೆ ಇದೇ ಕಾರಣ. ಪಿಂಗ್ ಮಾಡಿದಾಗ 'ರಿಕ್ವೈರ್ಡ್ ಕೀ ನಾಟ್ ಅವೈಲಬಲ್' ಅಂದರೂ ಕೀ ಬದಲಿಸಲು ಹೋಗಬೇಡಿ. ಆ ಐಪಿ ಯಾವ ಪಿಯರ್‌ನ ಪಟ್ಟಿಯಲ್ಲೂ ಇಲ್ಲ ಅಂತಷ್ಟೇ ಅರ್ಥ.

ಎರಡೂ ಮಷಿನ್‌ನಲ್ಲಿ ಐಪಿ ಫಾರ್ವರ್ಡಿಂಗ್ (ಒಂದು ನೆಟ್‌ವರ್ಕಿನ ಪ್ಯಾಕೆಟ್ ಇನ್ನೊಂದಕ್ಕೆ ದಾಟಿಸುವುದು) ಆನ್ ಇರಲಿ, ಎರಡೂ ರೂಟರ್‌ಗಳಲ್ಲಿ ಎದುರು ಕಡೆಯ ರೇಂಜಿಗೆ ಸ್ಟ್ಯಾಟಿಕ್ ರೂಟ್ ಇರಲಿ. ಮಂಡ್ಯದ ತುದಿಯಲ್ಲಿ 'ಪರ್ಸಿಸ್ಟೆಂಟ್ ಕೀಪ್‌ಅಲೈವ್' 25 (ಸೆಕೆಂಡು) ಹಾಕಿ. ಇಲ್ಲದಿದ್ದರೆ ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಮೈಸೂರಿನಿಂದ ಮಂಡ್ಯವನ್ನು ತಲುಪಲಾಗುವುದಿಲ್ಲ.

ಪಿಂಗ್ ಹೋಗುತ್ತದೆ, ಲಾಗಿನ್ ಆಗುತ್ತದೆ, ದೊಡ್ಡ ಫೈಲು ಮಾತ್ರ ನಿಂತೇಬಿಡುತ್ತದೆ ಅಂದರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ನೋಡಿ. ಟನಲ್ ಹೊರಗಿನಿಂದಲೇ ಮೈಸೂರಿನ ಪಬ್ಲಿಕ್ ಐಪಿಗೆ ಫ್ರಾಗ್ಮೆಂಟ್ ಮಾಡದ (ತುಂಡರಿಸದ) ಪಿಂಗನ್ನು ಸೈಜು ಬದಲಿಸುತ್ತಾ ಕಳಿಸಿ. ಹೋದ ಅತಿ ದೊಡ್ಡ ಸೈಜಿಗೆ 28 ಕೂಡಿಸಿ, 60 ಕಳೆಯಿರಿ. ಐಪಿವಿ6 ಮೇಲಾದರೆ 48 ಕೂಡಿಸಿ, 80 ಕಳೆಯಿರಿ. ಬರುವ ಸಂಖ್ಯೆ 1420ಕ್ಕಿಂತ ಕಡಿಮೆಯಿದ್ದರೆ ಟನಲ್‌ನ ಎಂಟಿಯುಗೆ ಅದನ್ನೇ ಹಾಕಿ. ಡಾಂಗಲ್ ಮೇಲೆ ನಡೆಯುವ ಬ್ರಾಂಚಿಗೆ ಇಷ್ಟೆಲ್ಲ ಲೆಕ್ಕ ಬೇಡ, 1280 ಇಟ್ಟುಬಿಡಿ.

ಇನ್ನು ಕರೆಂಟ್ ಹೋಗಿ ಬಂದಾಗಿನ ಕಥೆ. ಬ್ರಾಂಚಿನಲ್ಲಿರುವುದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಆದರೆ ಅದರಲ್ಲಿ ಗಡಿಯಾರದ ಬ್ಯಾಟರಿ ಇಲ್ಲ. ಎದ್ದಾಗ ಸಮಯ ಹಿಂದಕ್ಕೆ ಹೋಗಿರುತ್ತದೆ. ಹಿಂದೆ ನೋಡಿದ್ದಕ್ಕಿಂತ ಹಳೆಯ ಟೈಮ್‌ಸ್ಟ್ಯಾಂಪ್ ಇರುವ ಹ್ಯಾಂಡ್‌ಶೇಕನ್ನು (ಸಂಪರ್ಕ ಶುರು ಮಾಡುವ ಸಂದೇಶವನ್ನು) ಮೈಸೂರಿನ ಮಷಿನ್ ಎಸೆದುಬಿಡುತ್ತದೆ. ಎನ್‌ಟಿಪಿ (ಇಂಟರ್ನೆಟ್‌ನಿಂದ ಸಮಯ ತರುವ ಸೇವೆ) ಸಮಯ ಸರಿಮಾಡಿದರೆ ತಾನಾಗಿ ಜೋಡಿಕೊಳ್ಳುತ್ತದೆ. ಆದರೆ ಅಲೌಡ್ ಐಪೀಸ್‌ನಲ್ಲಿ 0.0.0.0/0 (ಎಲ್ಲ ವಿಳಾಸಗಳೂ) ಕೊಟ್ಟಿದ್ದರೆ ಎನ್‌ಟಿಪಿಯೂ ಏಳದ ಟನಲ್ ಒಳಗೇ ಸಿಕ್ಕಿಕೊಳ್ಳುತ್ತದೆ. ಬ್ರಾಂಚಿಗೆ ಮೈಸೂರಿನ ರೇಂಜು ಮತ್ತು ಟನಲ್ ಐಪಿ ಮಾತ್ರ ಕೊಡಿ, ಒಂದು ಡಿಎಸ್3231 ಗಡಿಯಾರ ಮಾಡ್ಯೂಲ್ ಸಿಕ್ಕಿಸಿ. ತುರ್ತಿಗೆ ಮೈಸೂರಿನಲ್ಲಿ ಆ ಪಿಯರನ್ನು ತೆಗೆದು ಮತ್ತೆ ಸೇರಿಸಿದರೂ ಟನಲ್ ಏಳುತ್ತದೆ.